ಗಾಳಿಗೂಡಿನ ನೀರು

ಶ್ವಾಸಕೋಶದಲ್ಲಿ ಆಗ ಎಲ್ಲರೂ ನಂಬಿದ್ದು ಒಂದೇ: ಗಾಳಿಗೂಡುಗಳಿಗೆ ನೀರು ತುಂಬುತ್ತಿರುವುದು ವೈರಸ್. ಕೊನೆಯ ಸಾಲಿನ ಗೂಡೊಂದು ಅದನ್ನೇ ನಂಬಿ, ಮುಕ್ಕಾಲು ಮುಳುಗಿ ಉಸಿರಿಗೆ ಒದ್ದಾಡುತ್ತಿತ್ತು. ಅದನ್ನು ಉಳಿಸಲೆಂದು ಬಿಳಿ ರಕ್ತಕಣಗಳು ರಕ್ತನಾಳದ ಗೋಡೆ ಸೀಳಿಕೊಂಡು ದಂಡುದಂಡಾಗಿ ನುಗ್ಗಿದವು. ಸೀಳಿದಲ್ಲೆಲ್ಲ ನೀರೂ ಹಿಂದೆಯೇ ಬಂತು.

“ಧೈರ್ಯವಾಗಿರಕ್ಕ, ಇನ್ನೂ ಸಾವಿರ ಮಂದಿ ಬರುತ್ತಿದ್ದಾರೆ,” ಎಂದಿತು ದಂಡಿನ ಮುಂದಾಳು.

ಆಗ ಬಿಳಿಕಣಗಳ ದಾಳಿಗೆ ಕಡಿವಾಣ ಹಾಕುವ ತಡೆಕಣವೊಂದು ದಾರಿಗೆ ಅಡ್ಡ ನಿಂತಿತು. “ಸಾಕು ಅಣ್ಣ, ಹಿಂದಿರುಗಿ.”

“ಹೇಡಿ! ಒಂದಾದರೂ ವೈರಸ್ ಕೊಂದಿದ್ದೀಯಾ ನೀನು?”

“ಇಲ್ಲ. ನೀವು ಈಗ ಹೊಡೆಯುತ್ತಿರುವುದು ಯಾರನ್ನು?”

“ವೈರಸ್ಸನ್ನು.”

“ಒಂದನ್ನು ತೋರಿಸಿ, ದಾರಿ ಬಿಡುತ್ತೇನೆ.”

ದಂಡು ನೀರನ್ನೆಲ್ಲ ಜಾಲಾಡಿತು. “ಎಲ್ಲೋ ಅಡಗಿದೆ,” ಎಂದು ಮುಂದಾಳು ಗೊಣಗಿತು. ಆದರೂ ಒಂದನ್ನೂ ತೋರಿಸಲಾಗದೆ ದಂಡು ಹಿಂದೆ ಸರಿಯಿತು. ಗೋಡೆ ಮೆಲ್ಲನೆ ಕೂಡಿಕೊಂಡಿತು, ನೀರು ಇಳಿಯಿತು.

ಗೂಡು ತುಂಬ ಉಸಿರೆಳೆದುಕೊಂಡು ಮೊದಲು ಬಿಳಿಕಣಗಳಿಗೆ ವಂದಿಸಿತು. “ವೈರಸ್ಸನ್ನು ಕೊಂದವರು ನೀವೇ, ಅದನ್ನು ಮರೆಯುವುದಿಲ್ಲ.” ಆಮೇಲೆ ತಡೆಕಣದತ್ತ ತಿರುಗಿತು. “ಕೊಲ್ಲಲು ಸಾವಿರ ಮಂದಿ ಬಂದರು ತಮ್ಮ, ನಿಲ್ಲಿಸಲು ಬಂದವನು ನೀನೊಬ್ಬನೇ. ನಿನ್ನಿಂದ ಬದುಕಿದೆ.”

ವೈರಸ್ ಸತ್ತು ಐದು ದಿನವಾಗಿತ್ತು.