ಗಂಟೆಗೆ ತುರುಕಿದ ಹುಲ್ಲು

ಆ್ಯಸಿಡ್ ತುಂಬಿದ ಟ್ಯಾಂಕರೊಂದು ಹೆದ್ದಾರಿ ಬದಿಯ ಚಹಾದಂಗಡಿ ಮುಂದೆ ನಿಂತಿತ್ತು. ಊರೊಳಗಿನ ಅಡ್ಡದಾರಿ ಹಿಡಿಯುವುದು ಆಫೀಸಿಗೆ ಗೊತ್ತಾಗದಿರಲೆಂದು ಡ್ರೈವರ್ ದ್ಯಾವಣ್ಣ, ಕ್ಯಾಬಿನ್ ಮೇಲಿನ ಜಿಪಿಎಸ್ ಡಬ್ಬಿಗೆ ಕಬ್ಬಿಣದ ಬಾಣಲೆ ಬೋರಲು ಹಾಕಿ ಚಹಾ ಕುಡಿಯಲು ಹೋಗಿದ್ದ.

ಟ್ಯಾಂಕರ್, ಪಕ್ಕದಲ್ಲಿ ಮೇಯುತ್ತಿದ್ದ ಮುದಿ ಎಮ್ಮೆಗೆ ಹೇಳಿತು: “ಈರುಳ್ಳಿ ಲಾರಿಯನ್ನು ಯಾರೂ ಕೇಳುವುದಿಲ್ಲ. ನಾನೆಲ್ಲಿ ನಿಂತೆ, ಎಲ್ಲಿ ತಿರುಗಿದೆ ಎಂದು ಮಾತ್ರ ಈ ಡಬ್ಬಿ ಚಾಡಿ ಹೇಳುತ್ತದೆ. ನಾನೇನು ಕಳ್ಳನೆ? ಇವತ್ತು ಅದರ ಬಾಯಿ ಮುಚ್ಚಿತು.”

ಎಮ್ಮೆ ಕೊರಳ ಗಂಟೆ ಅಲ್ಲಾಡಿಸಿತು. “ಒಮ್ಮೆ ನನ್ನ ಗಂಟೆಗೂ ದನಗಾಹಿ ಹುಲ್ಲು ತುರುಕಿದ್ದ, ಕಂಡವರ ಹೊಲ ಮೇಯಲೆಂದು. ಹೊಟ್ಟೆ ತುಂಬ ಮೇಯ್ದೆ. ಬರುವಾಗ ಹಳ್ಳದ ಕೆಸರಿನಲ್ಲಿ ಹೂತುಹೋದೆ. ಕೂಗಿ ಕೂಗಿ ಗಂಟಲು ಕಟ್ಟಿತು. ಮನೆಯವರು ನನ್ನ ಹೆಸರು ಕರೆಯುತ್ತ ದಡದ ಮೇಲೆಯೇ ಹಾದುಹೋದರು. ಎಷ್ಟು ಕೊರಳು ಅಲ್ಲಾಡಿಸಿದರೂ ಗಂಟೆ ಸದ್ದು ಮಾಡಲಿಲ್ಲ. ಮೂರನೇ ದಿನ ಹುಲ್ಲು ಒಣಗಿ ಉದುರಿತು, ಗಂಟೆ ಮನೆಯವರಿಗೆ ಕೇಳಿಸಿತು, ಬದುಕಿದೆ.”

ದ್ಯಾವಣ್ಣ ಹೊರಟಾಗ ಮೊದಲ ರಸ್ತೆಯುಬ್ಬಿನಲ್ಲೇ ಟ್ಯಾಂಕರ್ ಬೇಕೆಂದೇ ಮೈ ಕುಲುಕಿತು. ಬಾಣಲೆ ಠಣ್ಣನೆ ರಸ್ತೆಗೆ ಬಿತ್ತು.

ಅದನ್ನೆತ್ತಿಕೊಳ್ಳಲು ದ್ಯಾವಣ್ಣ ಇಳಿದಾಗ ಜೇಬಿನ ಫೋನ್ ಹನ್ನೊಂದನೇ ಸಲ ಬಡಿದುಕೊಂಡಿತು. ಬೈಗುಳಕ್ಕೆ ಅಂಜಿ ಅಲ್ಲಿಯವರೆಗೆ ಎತ್ತದಿದ್ದವನು ಈಗ ಎತ್ತಿದ. ಆಫೀಸಿನಲ್ಲಿ ಕೂತು ಗಾಡಿಗಳ ಮೇಲೆ ಕಣ್ಣಿಡುವ ಸುಲೋಚನಾಳ ದನಿ ನಡುಗುತ್ತಿತ್ತು.

“ಅಣ್ಣಾ, ಹುಷಾರಾಗಿದೀಯಾ? ಅರ್ಧ ಗಂಟೆ ನೀನು ಕಾಣಲೇ ಇಲ್ಲ. ಬುತ್ತಿ ಬಿಚ್ಚಿ ಹಾಗೇ ಕೂತಿದೀನಿ.”

ದ್ಯಾವಣ್ಣ ಬಾಣಲೆಯನ್ನು ಸೀಟಿನ ಕೆಳಗೆ ತುರುಕಿದ.

“ಊಟ ಮಾಡು ತಾಯಿ. ಊರ ಹೊರಗಿನ ಸುತ್ತುದಾರಿ ಹಿಡೀತೀನಿ. ನೋಡ್ತಾ ಇರು.”