ಜೋಳದ ಬೇರಿನ ರಸ

ನಂಬುವವರು ನಂಬಿ, ಬಿಡುವವರು ಬಿಡಿ: ನಮ್ಮ ಮಠದಲ್ಲಿ ಗುರುಗಳ ಎದುರು ನಿಂತು ನೇರವಾಗಿ ಪ್ರಶ್ನೆ ಕೇಳುವ ಎದೆ ನನ್ನೊಬ್ಬನಿಗೇ ಇತ್ತು. ಹಳ್ಳಿಯ ಹುಡುಗನಾದರೇನು, ಒಮ್ಮೆ ಕಿವಿಗೆ ಬಿದ್ದ ಪಾಠವನ್ನು ಇನ್ನೊಮ್ಮೆ ಕೇಳಿದವನಲ್ಲ.

ಆ ದಿನ ಕೇಳಿದೆ: "ಗುರುಗಳೇ, ಈ ಗೂಳಪ್ಪ ಬಂದು ವರ್ಷವಾಯಿತು. ಒಂದು ವಚನ ನೆಟ್ಟಗೆ ಬಾಯಿಗೆ ಬಂದಿಲ್ಲ. ಅವನಿಗಾಗಿ ಎಲ್ಲರ ಪಾಠವೂ ನಿಲ್ಲುತ್ತದೆ. ನಾನು ನಾಲ್ಕು ಮಾತು ಚುಚ್ಚಿದರೆ ಸಾಕು, ತಾನಾಗಿಯೇ ಗಂಟುಮೂಟೆ ಕಟ್ಟಿ ಹೊರಡುತ್ತಾನೆ. ಕಳೆ ತೆಗೆದರೆ ತಪ್ಪೇನು?"

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ತನ್ನ ಜೋಳದ ಸಾಲುಗಳಲ್ಲಿ ಕಳೆ ಅಷ್ಟಾಗಿ ಏಳುವುದಿಲ್ಲ ಎಂಬುದನ್ನು ಅವನು ಗಮನಿಸಿದ್ದ. ಜೋಳದ ಬೇರಿನಲ್ಲೇ ಏನೋ ಇದೆ, ಅದು ಬೇರೆ ಹುಲ್ಲನ್ನು ಮೊಳೆಯಗೊಡುವುದಿಲ್ಲ ಎಂದು ತಿಳಿದುಕೊಂಡ. ಅವನು ತಿಳಿದದ್ದು ನಿಜವೇ ಆಗಿತ್ತು.

ಮಳೆ ಬಿದ್ದಿತು. ಇನ್ನೊಂದು ಹೊಲಕ್ಕೆ ಎಳ್ಳು ಬಿತ್ತಿದ. ಅವನ ತಾಯಿಯ ಕಾಲದಿಂದ ಬೀಜಕ್ಕೆಂದು ಉಳಿಸಿಕೊಂಡು ಬಂದ ಎಳ್ಳು ಅದು. ಊರಲ್ಲಿ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಸೋರೆ ಬುರುಡೆಯಲ್ಲಿ ಇದ್ದದ್ದನ್ನೆಲ್ಲ ಬಿತ್ತಿ ಮುಗಿಸಿದ. ಆಮೇಲೆ ಜೋಳದ ಬೇರು ಜಜ್ಜಿ, ನೀರಿನಲ್ಲಿ ನೆನೆಹಾಕಿ, ಸೋಸಿದ. ಕಳೆ ಏಳುವ ಮೊದಲೇ ಆ ರಸವನ್ನು ಹೊಲಕ್ಕೆಲ್ಲ ಚಿಮುಕಿಸಲು ಹೊರಟ.

ಹೆಂಡತಿ ತಡೆದಳು. "ಜೋಳ ಕೊಯ್ದ ಮೇಲೆ ಬೇರು ಕೊಳೆಯುವ ತನಕ ಎಳ್ಳು ಬಿತ್ತಬಾರದು ಅಂತ ಅತ್ತೆ ಹೇಳುತ್ತಿದ್ದರಲ್ಲ?"

"ಅದು ಜೋಳದ ಹೊಲಕ್ಕೆ ಹೇಳಿದ್ದು ಕಣೇ. ಇಲ್ಲಿ ಜೋಳ ಎಲ್ಲಿತ್ತು? ಅಂಗಡಿಯ ವಿಷವಲ್ಲ ಇದು, ಗಿಡದ ರಸ. ಏನು ಮಾಡೀತು?" ಎಂದು ಚಿಮುಕಿಸಿಯೇಬಿಟ್ಟ.

ಕೆಲವು ದಿನ ಕಳೆದವು. ಹೊಲದಲ್ಲಿ ಕಳೆ ಏಳಲಿಲ್ಲ. ರೈತ ಊರವರನ್ನು ಕರೆದು ತೋರಿಸಿದ. ಊರವರು ತಲೆದೂಗಿದರು. ಹೆಂಡತಿಯೂ ಬಂದಳು. ಬದುವಿನ ಮೇಲೆ ನಿಂತು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು.

"ಸಾರಿಸಿದ ಅಂಗಳದ ಹಾಗಿದೆಯಲ್ಲ. ರಂಗೋಲಿ ಇಡಲಾ?" ಎಂದಳು.

ಆಗ ರೈತ ಬಗ್ಗಿ ಮಣ್ಣು ಕೆದಕಿದ. ಎಳ್ಳು ಇತ್ತು. ಮೊಳೆಯದೆ, ಕಪ್ಪಾಗಿ ಮೆತ್ತಗಾಗಿತ್ತು. ಮನೆಗೆ ಹೋಗಿ ಬುರುಡೆ ಅಲುಗಾಡಿಸಿ ನೋಡಿದ. ಸದ್ದಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ನಾನು ಬಿಡಲಿಲ್ಲ. "ಆ ರೈತ ದಡ್ಡ, ಗುರುಗಳೇ. ನಾನಾಗಿದ್ದರೆ ಎಳ್ಳಿನ ಗಿಡ ಬಿಟ್ಟು ಕಳೆಗಷ್ಟೇ ಹಾಕುತ್ತಿದ್ದೆ. ಎರಡನ್ನೂ ಗುರುತಿಸುವ ಕಣ್ಣು ನನಗಿದೆ."

ಗುರುಗಳು ಹೇಳಿದರು: "ಎಳ್ಳು ಆಗಿನ್ನೂ ಮಣ್ಣೊಳಗಿತ್ತಪ್ಪ."

ಮಾರನೆಯ ಬೆಳಗ್ಗೆ ಗೂಳಪ್ಪನಿಗೆ ಪಾಠ ಹೇಳುವ ಕೆಲಸವನ್ನು ಗುರುಗಳು ನನಗೆ ಕೊಟ್ಟರು.