ದೋರ್ಕಮ್ಮನ ಸರದಿ

"ಅಯ್ಯನವರೇ, ಸಭೆ ಬೆಳೆಯಬೇಕಾದರೆ ಪಾಸ್ಟರಾದವನು ಯಾರನ್ನು ಮೊದಲು ನೋಡಿಕೊಳ್ಳಬೇಕು? ಆಗಲೇ ಬಂದಿರುವವರನ್ನೋ, ಇನ್ನು ಬರಲಿರುವವರನ್ನೋ?" ಎಂದು ಬೆನ್ಯಾಮೀನ ಕೇಳಿದ. ಅವನು ಪಾಸ್ಟರಾಗಿ ಒಂದು ಊರಿಗೆ ಹೊರಡಲು ಇನ್ನು ಒಂದೇ ವಾರವಿತ್ತು.

ಮುದಿ ಗುರುಗಳು ಗೊಣಗಿದರು. "ಮೂರು ವರ್ಷ ಓದಿಸಿದರೂ ಇಷ್ಟು ಹೇಳಿಕೊಡಲಿಲ್ಲವೇ ನಿಮ್ಮವರು? ಕೂತುಕೋ ತಮ್ಮಾ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಂದು ಊರು. ಅಲ್ಲಿ ಚರ್ಮ ಹದಮಾಡುವವರ ಓಣಿ. ಆ ಓಣಿಯಲ್ಲಿ ದೋರ್ಕಮ್ಮ ಎಂಬ ವಿಧವೆ ಇದ್ದಳು. ಊರಿಗೆಲ್ಲ ಮೊದಲು ದೀಕ್ಷಾಸ್ನಾನ ಪಡೆದವಳು ಅವಳೇ. ಆಗ ದೇವಾಲಯವಿರಲಿಲ್ಲ, ಗಂಟೆಯಿರಲಿಲ್ಲ. ಅವಳ ಮನೆಯ ಪಡಸಾಲೆಯಲ್ಲಿ ಒಂಬತ್ತು ಜನ ಕೂತು ಪ್ರಾರ್ಥನೆ ಮಾಡುತ್ತಿದ್ದರು. ಯೇಸುವಿನ ನೆನಪಿಗೆ ಎಲ್ಲರೂ ಹಂಚಿಕೊಂಡು ತಿನ್ನುವ ಕರ್ತನ ಭೋಜನಕ್ಕೆ ಜೋಳದ ರೊಟ್ಟಿಯನ್ನು ಅವಳೇ ತಟ್ಟುತ್ತಿದ್ದಳು. ಮುದುಕ ಉಪದೇಶಿ ಅದನ್ನು ಮುರಿದು ಮೊದಲು ತಾನು ತಿಂದು ಆಮೇಲೆ ಎಲ್ಲರಿಗೂ ಕೊಡುತ್ತಿದ್ದ. ಹದಿನೆಂಟು ವರ್ಷ ಹೀಗೇ ನಡೆಯಿತು.

ಆ ಉಪದೇಶಿ ತೀರಿಕೊಂಡ. ಪೇಟೆಯಿಂದ ಹೊಸ ಪಾಸ್ಟರ್ ಬಂದ. ಓದಿದವನು, ದೊಡ್ಡ ಮನೆತನದವನು, ಮಾತಿಗೆ ನಿಂತರೆ ಜನ ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ಅವನು ಬಂದ ತಿಂಗಳಲ್ಲೇ ಊರ ಗೌಡ ಅವನ ಬಾಗಿಲಿಗೆ ಬಂದ. ಮನೆಮಂದಿಯೆಲ್ಲ ಸೇರಿ ಇಪ್ಪತ್ತೆರಡು ಜನ ಸಭೆಗೆ ಸೇರುತ್ತೇವೆ ಎಂದ.

"ಎಲ್ಲಕ್ಕೂ ತಯಾರಿದ್ದೇವೆ, ಅಯ್ಯನವರೇ. ಆಕೆಯ ಕೈಯ ರೊಟ್ಟಿಯೊಂದು ಮಾತ್ರ ನಮ್ಮ ಹೆಂಗಸರ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ವರ್ಷ ತಾಳಿಕೊಳ್ಳಿ, ಆಮೇಲೆ ಎಲ್ಲ ಸರಿಹೋಗುತ್ತದೆ."

ಪಾಸ್ಟರ್ ಎರಡನೆಯ ಮಾತಾಡದೆ ಒಪ್ಪಿದ. ಅಂದು ಸಂಜೆಯೇ ದೋರ್ಕಮ್ಮನ ಮನೆಗೆ ಹೋಗಿ ಅಂಗಳದಲ್ಲೇ ನಿಂತು ಹೇಳಿದ: "ಅವರ ನಂಬಿಕೆ ಇನ್ನೂ ಎಳೆಯದಮ್ಮ. ಒಂದು ವರ್ಷ ರೊಟ್ಟಿ ತಟ್ಟುವ ನಿನ್ನ ಸರದಿ ಬಿಟ್ಟುಕೊಡು."

ಅವಳ ಮುಖ ಸಣ್ಣದಾಯಿತು. ಆದರೂ, "ಆಗಲಿ ಅಯ್ಯಾ. ನನ್ನ ಒಂದು ರೊಟ್ಟಿಯ ಸಲುವಾಗಿ ಇಪ್ಪತ್ತೆರಡು ಜೀವ ಹೊರಗೆ ನಿಲ್ಲುವುದು ಬೇಡ" ಎಂದಳು. ಎಷ್ಟು ದೊಡ್ಡ ಮನಸ್ಸು ನೋಡು! ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಅಂದಿನಿಂದ ಪೇಟೆಯ ಬೇಕರಿಯ ಬ್ರೆಡ್ಡು ಬಂತು. ಗೌಡನ ಹಿಂದೆ ಇನ್ನೂ ನಾಲ್ಕು ಮನೆಯವರು ಬಂದರು, ಅವರ ಹಿಂದೆ ಹತ್ತು ಮನೆಯವರು. ಕಲ್ಲಿನ ಗೋಡೆ ಎದ್ದಿತು, ಹೆಂಚು ಏರಿತು, ಗಂಟೆ ತೂಗಿತು, ಪಕ್ಕದಲ್ಲಿ ಶಾಲೆಯೂ ಆಯಿತು. ಬೆಳೆಯುವುದೆಂದರೆ ಹಾಗೆ ಬೆಳೆಯಬೇಕು ಎಂದು ಸುತ್ತಲಿನ ಊರಿನವರೆಲ್ಲ ಹೊಗಳಿದ್ದೇ ಹೊಗಳಿದ್ದು. ಚರ್ಮದ ಓಣಿಯವರು ಹಿಂದಿನ ಬೆಂಚಿನಲ್ಲಿ ಕೂತರು.

ಪ್ರತಿ ವರ್ಷ ಸುಗ್ಗಿಯ ಆರಾಧನೆ ಮುಗಿದ ಮರುದಿನ ದೋರ್ಕಮ್ಮ ಪಾಸ್ಟರನ ಕಟ್ಟೆಯ ಕೆಳಗೆ ಬಂದು ನಿಲ್ಲುತ್ತಿದ್ದಳು. "ಅವರ ನಂಬಿಕೆ ಬಲಿಯಿತೇ ಅಯ್ಯಾ?" ಎಂದು ಕೇಳುತ್ತಿದ್ದಳು. "ಇನ್ನೂ ಇಲ್ಲಮ್ಮ" ಎಂದು ಅವನು ಹೇಳುತ್ತಿದ್ದ. ಅವಳು ತಲೆಯಾಡಿಸಿ ಹೋಗುತ್ತಿದ್ದಳು. ಒಂದಲ್ಲ ಎರಡಲ್ಲ, ಮೂವತ್ತೊಂದು ವರ್ಷ ತಮ್ಮಾ!

ಕೊನೆಯ ವರ್ಷ ಅವಳು ಹಾಸಿಗೆ ಹಿಡಿದಳು. ಸಾಯುವ ಮೊದಲು ಒಂದೇ ಒಂದು ಸಲ ತನ್ನ ರೊಟ್ಟಿ ಕರ್ತನ ಮೇಜಿನ ಮೇಲೆ ಮುರಿಯಲ್ಪಡಬೇಕು ಎಂಬುದೊಂದೇ ಅವಳ ಆಸೆ. ಈಸ್ಟರ್ ದಿನ ಬೆಳಿಗ್ಗೆ ಹೇಗೋ ಎದ್ದು ರೊಟ್ಟಿ ತಟ್ಟಿದಳು. ಒಗೆದ ಬಟ್ಟೆಯಲ್ಲಿ ಸುತ್ತಿ ತಂದು ಪಾಸ್ಟರನ ಕೈಗೆ ಕೊಟ್ಟಳು. ಅವನು "ಆಯಿತಮ್ಮ" ಎಂದ. ಒಳಗೆ ಹೋಗಿ ಅದನ್ನು ಬೀರುವಿನಲ್ಲಿಟ್ಟ. ಬೇಕರಿಯ ಬ್ರೆಡ್ಡನ್ನೇ ಮುರಿದ.

ದೋರ್ಕಮ್ಮನ ಕಣ್ಣು ಮಂಜಾಗಿತ್ತು, ಮೇಜು ಕಾಣುತ್ತಿರಲಿಲ್ಲ. ಆದರೆ ಜೀವಮಾನವಿಡೀ ಜೋಳದ ರೊಟ್ಟಿ ತಟ್ಟಿದವಳ ನಾಲಿಗೆಗೆ ಗೋಧಿ ಗೊತ್ತಾಗುವುದಿಲ್ಲವೇ? ಬಾಯಲ್ಲಿಟ್ಟ ತುಂಡನ್ನು ತಲೆ ತಗ್ಗಿಸಿ ನುಂಗಿದಳು. ಗೋಡೆ ಹಿಡಿದುಕೊಂಡು ಮನೆಗೆ ಹೋದಳು. ಗುರುವಾರ ತೀರಿಕೊಂಡಳು.

ಮಣ್ಣಿಗೆ ಊರೇ ಸೇರಿತು. ಗೌಡನ ಹೆಂಡತಿ ಹೆಣದ ತಲೆಯ ಬಳಿ ಕೂತು ಬಿಕ್ಕಿಬಿಕ್ಕಿ ಅತ್ತಳು. "ನನ್ನ ಮೊಮ್ಮಕ್ಕಳು ದಿನಾ ಈಕೆಯ ಮನೆಯಲ್ಲಿ ರೊಟ್ಟಿ ತಿಂದು ಬೆಳೆದವು, ಅಯ್ಯನವರೇ. ನಾನೂ ಎಷ್ಟು ಸಲ ಕೇಳಿ ತಿಂದಿದ್ದೇನೆ. ಗುಡಿಯಲ್ಲಿ ಮಾತ್ರ ಇವಳ ಕೈಯದನ್ನು ನೀವು ಯಾಕೆ ಶುರುಮಾಡಲೇ ಇಲ್ಲ?" ಎಂದಳು. ಪಾಸ್ಟರ್ ಕೀರ್ತನೆಯ ಪುಸ್ತಕ ತೆರೆದು ಹಾಡು ಎತ್ತಿಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಬೆನ್ಯಾಮೀನನಿಗೆ ಸಿಟ್ಟು ತಡೆಯಲಾಗಲಿಲ್ಲ.

"ಎಂಥ ಮನುಷ್ಯ ಅವನು! ಮೂವತ್ತೊಂದು ವರ್ಷದಲ್ಲಿ ಗೌಡರ ಮನೆಯವರನ್ನು ಬಾಯಿಮಾತಿಗಾದರೂ ಒಮ್ಮೆ ಕೇಳಬಾರದಿತ್ತೇ?"

ಗುರುಗಳು ಹೇಳಿದರು: "ಕೇಳಿದ್ದರೆ ಅವರು ಒಪ್ಪಿಬಿಡುತ್ತಿದ್ದರು, ಆಗ ಆ ರೊಟ್ಟಿಯನ್ನು ಮೊದಲು ನಾನು ತಿನ್ನಬೇಕಾಗುತ್ತಿತ್ತು."